ಮೂರನೇ ನಂಬರಿನ ಕಂಪ್ಯೂಟರ್

ಝೀಟಾ ಡಿಮೆಲ್ಲೊ ಕಾರ್ಕಳದ ಆ ರಕ್ತಪರೀಕ್ಷೆ ಲ್ಯಾಬಿಗೆ ಬಂದದ್ದು ಫೈರ್‌ವಾಲ್ ಎಲ್ಲಿ ಕೂರಿಸುವುದು, ರೂಟರ್ ಯಾವ ಗೋಡೆಗೆ ಹಾಕುವುದು ಎಂದು ನೋಡಲು. ಗಾಜಿನ ಬಾಗಿಲು ತಳ್ಳಿದರೆ ಒಳಗೆ ಬೇರೆಯೇ ನಾಟಕ. ಒಬ್ಬಳು ಹುಡುಗಿ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. ಹಿರಿಯ ಹೆಂಗಸೊಬ್ಬರು ಅವಳ ಬೆನ್ನು ಸವರುತ್ತಿದ್ದರು. ಮಾಲೀಕ ಭೋಜಣ್ಣ ಮೇಜು ಗುದ್ದುತ್ತಿದ್ದರು.

"ಬನ್ನಿ ಮೇಡಂ, ಸರಿಯಾದ ಹೊತ್ತಿಗೆ ಬಂದ್ರಿ," ಎಂದರು ಭೋಜಣ್ಣ. "ಕಳ್ಳಿ ಸಿಕ್ಕಿದ್ದಾಳೆ."

"ನಾನು ಗೋಡೆ ನೋಡ್ಲಿಕ್ಕೆ ಬಂದವಳು," ಎಂದಳು ಝೀಟಾ.

"ಗೋಡೆ ಆಮೇಲೆ. ಮೊದಲು ಇದನ್ನು ಕೇಳಿ."

ಕೇಳಿದಳು. ಕಾರ್ಕಳದ ತೃಷಾ ಎಂಬ ಶಾಲಾ ಶಿಕ್ಷಕಿಗೆ ಕಾಪುವಿನ ವಿಕಾಸನ ಜೊತೆ ಮದುವೆ ನಿಶ್ಚಯವಾಗಿತ್ತು. ಹುಡುಗ ಮಸ್ಕತ್ತಿನಲ್ಲಿದ್ದ. ತೃಷಾಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮಾತ್ರೆ ತೆಗೆದುಕೊಂಡು ಆರಾಮಾಗಿದ್ದಳು. ಆ ಮಾತ್ರೆಯ ಅಂಶ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಇದೇ ಲ್ಯಾಬಿನಲ್ಲಿ ನೋಡಿಸುತ್ತಿದ್ದಳು. ಕಳೆದ ಬುಧವಾರ ಆ ವರದಿ ಯಾವುದೋ ಹೆಸರಿಲ್ಲದ ಇಮೇಲಿನಿಂದ ಗಂಡಿನ ತಾಯಿಯ ಫೋನಿಗೆ ಹೋಯಿತು. ಗುರುವಾರ ಸಂಬಂಧ ಮುರಿಯಿತು. ಇವತ್ತು ಶನಿವಾರ. ತೃಷಾಳ ತಂದೆ ಬೆಳಿಗ್ಗೆಯೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತು ಕೂಗಾಡಿ ಹೋಗಿದ್ದರು.

"ಸಂಜೆಯೊಳಗೆ ಯಾರೆಂದು ಹೇಳ್ಬೇಕಂತೆ. ಇಲ್ಲದಿದ್ದರೆ ನನ್ನ ಮೇಲೆಯೇ ಠಾಣೆಯಲ್ಲಿ ದೂರು," ಎಂದರು ಭೋಜಣ್ಣ. "ನಾನು ದೂರು ಬರೆದು ಇಟ್ಟಿದ್ದೇನೆ. ಪ್ರಣೀತಾಳ ಮೇಲೆ."

ಅಳುತ್ತಿದ್ದ ಹುಡುಗಿ ತಲೆಯೆತ್ತಿದಳು. "ನಾನಲ್ಲ ಭೋಜಣ್ಣ. ದೇವರಾಣೆ ನಾನಲ್ಲ."

"ಕಂಪ್ಯೂಟರ್ ಸುಳ್ಳು ಹೇಳ್ತದಾ?"

ಭೋಜಣ್ಣ ಒಂದು ಕಾಗದ ಮುಂದೆ ತಳ್ಳಿದರು. ಲ್ಯಾಬಿನ ವರದಿಗಳೆಲ್ಲ ಒಳಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿದ್ದವು. ತೆರೆಯಲು ಎಲ್ಲರಿಗೂ ಒಂದೇ ಪಾಸ್‌ವರ್ಡ್. ಹಾಗಾಗಿ ಯಾರು ತೆರೆದರು ಎಂದು ಗೊತ್ತಾಗುವುದಿಲ್ಲ. ಯಾವ ಯಂತ್ರದಿಂದ ತೆರೆದರು ಎಂಬುದು ಮಾತ್ರ ಅದರಲ್ಲಿ ಉಳಿಯುತ್ತದೆ. ತೃಷಾಳ ವರದಿ ಬುಧವಾರ ಬೆಳಿಗ್ಗೆ, ಖಾಲಿ ಹೊಟ್ಟೆಯ ರಕ್ತ ಕೊಡುವವರು ಸಾಲುಗಟ್ಟಿದ್ದ ಹೊತ್ತಿನಲ್ಲಿ ತೆರೆದಿತ್ತು. ತೆರೆದ ಯಂತ್ರದ ನಂಬರು 192.168.0.3.

ಭೋಜಣ್ಣ ಪ್ರಣೀತಾಳ ಕಂಪ್ಯೂಟರನ್ನು ತೋರಿಸಿದರು. ಅದರ ನೆತ್ತಿಯ ಮೇಲೆ ದುಂಡನೆಯ ಹಳದಿ ಸ್ಟಿಕ್ಕರ್. ಅದರಲ್ಲಿ ದಪ್ಪಗೆ 3.

"ಹಿಂದೆ ನೆಟ್‌ವರ್ಕ್ ಹಾಕಿದ ವ್ಯಾಲೆಂಟೈನ್ ಅಂಟಿಸಿದ್ದು. ಒಂದೊಂದು ಯಂತ್ರಕ್ಕೆ ಒಂದೊಂದು ನಂಬರ್, ಯಾವತ್ತೂ ಬದಲಾಗುವುದಿಲ್ಲ ಅಂದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?"

ಝೀಟಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕತಾರಿನ ಕಚೇರಿಗಳಲ್ಲಿ ವರ್ಷಗಟ್ಟಲೆ ಇಂಥ ನಂಬರುಗಳ ಜೊತೆಗೇ ಬದುಕಿ ಈಗ ಉಡುಪಿಯಲ್ಲಿ ಅಂಗಡಿ ಇಟ್ಟವಳು. ಅವಳಿಗೆ ಒಂದು ಅಭ್ಯಾಸ. ನಂಬರನ್ನು ಬಾಲದಿಂದ ಓದುವುದಿಲ್ಲ, ತಲೆಯಿಂದ ಓದುತ್ತಾಳೆ.

"ವ್ಯಾಲೆಂಟೈನ್ ಈಗ ಎಲ್ಲಿ?"

"ಕುವೈಟಿನಲ್ಲಿ."

"ಸರಿ. ಠಾಣೆಗೆ ಹೋಗುವುದು ಸಂಜೆಗಲ್ವಾ? ಅಷ್ಟರವರೆಗೆ ನಾನು ನನ್ನ ಕೆಲಸ ಮಾಡ್ತೇನೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ನನ್ನನ್ನು ಕರೆದಿದ್ದೀರಿ. ಬಾಗಿಲಾದರೂ ಸರಿಯಾಗಿ ಹಾಕುವ."

*

ಕಚೇರಿಗೆ ನೆಟ್‌ವರ್ಕ್ ಹಾಕುವ ಮೊದಲು ಕೇಳುವ ಪ್ರಶ್ನೆಗಳುಂಟು. ಎಷ್ಟು ಯಂತ್ರ? ಯಾವುದು ವೈರಿನಲ್ಲಿ, ಯಾವುದು ವೈಫೈಯಲ್ಲಿ? ಯಾರು ಬಾಗಿಲು ತೆರೆಯುತ್ತಾರೆ? ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು? ಝೀಟಾ ಒಂದು ಹಾಳೆಯಲ್ಲಿ ಕೋಣೆಗಳ ನಕ್ಷೆ ಗೀಚಿ ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದಳು. ಪತ್ತೇದಾರಿಕೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದರಲ್ಲಿ ಜನ ಹೆದರದೆ ಉತ್ತರ ಕೊಡುತ್ತಾರೆ, ಅಷ್ಟೆ.

ಲ್ಯಾಬಿನಲ್ಲಿ ಇದ್ದವರು ಮೂವರು. ವರದಿ ಟೈಪು ಮಾಡುವ ಪ್ರಣೀತಾ, ನಂದಿಕೂರಿನವಳು. ರಕ್ತ ಪರೀಕ್ಷೆ ಮಾಡುವ ಜಿತೇಶ್, ಕುಕ್ಕುಂದೂರಿನವನು. ಕೌಂಟರಿನಲ್ಲಿ ಕೂರುವ ಕುಶಲಕ್ಕ, ಅವರೂ ಕುಕ್ಕುಂದೂರಿನವರೇ. ಬಾಗಿಲು ತೆರೆಯುವುದು, ಹಾಕುವುದು ಕುಶಲಕ್ಕನ ಕೆಲಸ. ಬೆನ್ನು ಸವರುತ್ತಿದ್ದವರು ಅವರೇ.

"ನನ್ನನ್ನು ಕೇಳ್ಬೇಡಿ ಮೇಡಂ," ಎಂದು ಕುಶಲಕ್ಕ ಕೈಯಾಡಿಸಿದರು. "ನನಗೆ ಕಂಪ್ಯೂಟರ್ ಎಂತ ಗೊತ್ತುಂಟು? ನಾನು ಟೋಕನ್ ಕೊಡುವವಳು."

"ಈ ರೂಟರ್ ಹಳೆಯದಲ್ವಾ? ವ್ಯಾಲೆಂಟೈನ್ ಹಾಕಿದ್ದು ಇದೇ ಏನು?"

"ಅಲ್ಲ," ಎಂದ ಜಿತೇಶ್ ಒಳಗಿನಿಂದ. "ಅದು ಮಂಗಳವಾರ ಸಂಜೆಯ ಸಿಡಿಲಿಗೆ ಸುಟ್ಟುಹೋಯ್ತು."

ದೀಪಾವಳಿಯ ಆಚೀಚೆ ಈ ಕಡೆ ಸಂಜೆಯಾದರೆ ಸಿಡಿಲು. ಮೋಡ ಕಟ್ಟಿತೆಂದರೆ ಟಿ.ವಿ.ಯದ್ದು, ಇಂಟರ್ನೆಟ್ಟಿನದ್ದು, ಕಂಬದಿಂದ ಬರುವ ವೈರನ್ನೆಲ್ಲ ಕಿತ್ತಿಡುವುದು ಮನೆಮನೆಯ ಪದ್ಧತಿ. ದೇವರಿಗೆ ದೀಪ ಇಡಲು ಮರೆತಾರು, ವೈರು ಕೀಳಲು ಮರೆಯುವುದಿಲ್ಲ. ಆ ಮಂಗಳವಾರ ಕುಶಲಕ್ಕ ಮರೆತಿದ್ದರು.

"ಪಾಪ, ತನ್ನಿಂದ ಆಯಿತೆಂದು ಅವರೇ ಮರುದಿನ ಬೆಳಿಗ್ಗೆ ಮನೆಯಿಂದ ಹಳೆಯದೊಂದು ತಂದು ಹಾಕಿದ್ರು," ಎಂದರು ಭೋಜಣ್ಣ. "ಹೊಸ ಕನೆಕ್ಷನ್ ಬಂದ ಮೇಲೆ ಅವರ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತಂತೆ. ಇಂಥ ಜನ ಎಲ್ಲಿ ಸಿಗ್ತಾರೆ ಹೇಳಿ."

ಝೀಟಾ ನಕ್ಷೆಯಲ್ಲಿ ರೂಟರಿನ ಗುರುತಿಗೆ ಒಂದು ಸುತ್ತು ಹಾಕಿದಳು. ಆಮೇಲೆ ಗೋಡೆ ನೋಡಿದಳು. ಕೌಂಟರಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ, ಕೆಂಪು ಶಾಯಿಯಲ್ಲಿ ವೈಫೈ ಪಾಸ್‌ವರ್ಡ್.

"ಇದೆಂತದು?"

"ಪೇಷೆಂಟುಗಳು ಕೇಳ್ತಾರೆ ಮೇಡಂ. ಬೇಕರಿಯವರೂ ಉಪಯೋಗಿಸ್ತಾರೆ," ಎಂದರು ಭೋಜಣ್ಣ ಸಂಕೋಚದಿಂದ. "ಗುರುತಿನವರಲ್ವಾ."

"ಫೈರ್‌ವಾಲ್ ಎಂತಕ್ಕೆ, ಒಂದು ಮೈಕ್ ಸೆಟ್ ಹಾಕಿಸಿ," ಎಂದು ಝೀಟಾ ಹೊರಗೆ ನಡೆದಳು.

*

ಪಕ್ಕದ ಬೇಕರಿಯ ಸ್ಟ್ಯಾನಿಸ್ಲಾಸ್ ಬನ್ನು ಜೋಡಿಸುತ್ತಿದ್ದ. ಹೊರಗಿನವರು ಲ್ಯಾಬಿನ ವೈಫೈಯೊಳಗೆ ನುಗ್ಗಿ ವರದಿ ತೆಗೆದಿದ್ದರೆ ಅದಕ್ಕೆ ಇವನ ಅಂಗಡಿಗಿಂತ ಒಳ್ಳೆಯ ಜಾಗ ಇಲ್ಲ. ಮಾತು ಕೊಂಕಣಿಯಲ್ಲಿ ಆಯಿತು.

"ಲ್ಯಾಬಿನ ನೆಟ್ ಹೇಗೆ ಬರ್ತದೆ ನಿಮಗೆ?"

ಸ್ಟ್ಯಾನಿಸ್ಲಾಸನ ಮುಖ ಉಬ್ಬಿತು. "ಬಂದರೆ ತಾನೇ? ಬುಧವಾರ ಬೆಳಿಗ್ಗೆಯಿಂದ ಇಲ್ಲ. ಹೆಸರೂ ಬೇರೆ, ಪಾಸ್‌ವರ್ಡೂ ಬೇರೆ. ಗೋಡೆಯಲ್ಲಿ ಬರೆದದ್ದು ಹಾಕಿದರೆ ತಪ್ಪು ಅಂತದೆ. ಕುಶಲಕ್ಕನನ್ನು ಕೇಳಿದೆ. ಇದು ಮನೆಯದ್ದು, ಮಗ ಬೈತಾನೆ, ಕೊಡ್ಲಿಕ್ಕಾಗುವುದಿಲ್ಲ ಅಂದ್ರು. ಇಷ್ಟು ವರ್ಷ ನನ್ನ ಬನ್ ತಿಂದದ್ದು ನೆನಪಿಲ್ಲ!"

"ನಿಮಗೆ ಕೊಡದಿದ್ದದ್ದು ಒಳ್ಳೆಯದಾಯಿತು," ಎಂದಳು ಝೀಟಾ.

"ಹೇಗೆ?"

"ಇಲ್ಲದಿದ್ದರೆ ಈಗ ನೀವೂ ಅಳುತ್ತ ಕೂರಬೇಕಿತ್ತು."

ಒಂದು ಬನ್ನು ಕೊಂಡು ಅಲ್ಲಿಯೇ ನಿಂತು ತಿಂದಳು. ಬೇಕರಿಯೂ ಅಲ್ಲ, ಪೇಷೆಂಟುಗಳೂ ಅಲ್ಲ. ಬುಧವಾರ ಬೆಳಿಗ್ಗೆ ಆ ವೈಫೈಯೊಳಗೆ ಹೋದವರು ಲ್ಯಾಬಿನವರೇ. ಮೂವರಲ್ಲಿ ಒಬ್ಬರು.

*

ಗಂಡಿನ ಮನೆ ಕಾಪುವಿನಲ್ಲಿ, ದೀಪಸ್ತಂಭದ ಹಾದಿಯಲ್ಲಿ. ಆ ಮನೆಗೆ ಕ್ಯಾಮೆರಾ ಹಾಕಿದವಳು ಝೀಟಾಳೇ ಆದ್ದರಿಂದ ಗೇಟು ಸುಲಭವಾಗಿ ತೆರೆಯಿತು. ವಿಕಾಸನ ತಾಯಿ ಮೊದಲು ಬಿಗುವಾಗಿದ್ದರು. ಕ್ಯಾಮೆರಾ ಸರಿ ಉಂಟಾ ಎಂದು ವಿಚಾರಿಸಿ, ನೀರು ಕುಡಿದು, ಆಮೇಲೆ ಝೀಟಾ ವಿಷಯ ಎತ್ತಿದಳು.

"ಆ ಇಮೇಲ್ ಒಮ್ಮೆ ತೋರಿಸ್ತೀರಾ? ಒಂದು ಹುಡುಗಿಯ ಮೇಲೆ ಇವತ್ತು ದೂರು ಹೋಗ್ತಾ ಉಂಟು. ಅವಳು ಮಾಡಿದ್ದು ಹೌದಾ ಅಲ್ವಾ ಅಂತ ನೋಡ್ಬೇಕು."

ಆಕೆ ಫೋನು ಕೊಟ್ಟರು. ಇಮೇಲಿನಲ್ಲಿ ಒಂದಕ್ಷರವೂ ಇರಲಿಲ್ಲ. ಚಿತ್ರ ಮಾತ್ರ. ಉದ್ದಕ್ಕೆ, ಸಪುರಕ್ಕೆ. ವರದಿಯ ಬಲಗಡೆಯ ಸಾಲು ಅರ್ಧ ತುಂಡಾಗಿತ್ತು. ಕಂಪ್ಯೂಟರಿನಲ್ಲಿ ಕೂತವರು ವರದಿಯನ್ನು ಇಡಿಯಾಗಿ ಕಳಿಸುತ್ತಾರೆ. ಇದು ಫೋನಿನ ಪರದೆಯನ್ನು ಹಾಗೆಯೇ ಚಿತ್ರ ತೆಗೆದು ಕಳಿಸಿದ್ದು.

"ನನ್ನ ಮಗನಿಗೆ ಮೊದಲೇ ಗೊತ್ತಿತ್ತಂತೆ," ಎಂದರು ಆಕೆ ಇದ್ದಕ್ಕಿದ್ದಂತೆ. "ತೃಷಾ ಅವನಿಗೆ ಹೇಳಿದ್ದಳಂತೆ. ನನಗೆ ಯಾರೂ ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಈಗ ಅವನು ನನ್ನ ಫೋನ್ ಎತ್ತುವುದಿಲ್ಲ."

"ತೃಷಾಳಿಗಿಂತ ಮೊದಲು ಬೇರೆ ಸಂಬಂಧ ಬಂದಿತ್ತಾ?"

"ಬಂದಿತ್ತು. ಒಂದು ಪಡುಬಿದ್ರಿಯದ್ದು, ಅದು ನಾವೇ ಬೇಗ ಬಿಟ್ಟೆವು. ಇನ್ನೊಂದು ಕುಕ್ಕುಂದೂರಿನದ್ದು. ಜಾತಕ ಕೂಡಿತ್ತು, ಫೋಟೋ ಚಂದ ಇತ್ತು. ತೃಷಾಳನ್ನು ನೋಡಿದ ಮೇಲೆ ಬೇಡ ಅಂದೆವು. ನಿನ್ನೆ ಮಧ್ಯಸ್ಥನ ಫೋನ್ ಪುನಃ ಬಂತು, ಆ ಹುಡುಗಿ ಇನ್ನೂ ಇದ್ದಾಳೆ ನೋಡಿ ಅಂತ."

"ಯಾರ ಮನೆಯ ಹುಡುಗಿ?"

"ನಾವು ಮನೆಗೆ ಹೋಗಲೇ ಇಲ್ಲ. ಮಧ್ಯಸ್ಥನಿಗೇ ಗೊತ್ತು."

ಮಧ್ಯಸ್ಥನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಶನಿವಾರ ಎಲ್ಲಿ ಯಾರ ಮನೆಯ ಊಟಕ್ಕೆ ಕೂತಿದ್ದನೋ. ಝೀಟಾ ಕಾರು ಹತ್ತಿದಳು. ಕುಕ್ಕುಂದೂರು ಎಂದಾಗ ಅವಳಿಗೆ ಮೊದಲು ನೆನಪಾದದ್ದು ಜಿತೇಶ್. ಬೆಳಿಗ್ಗೆ ಮಾತಿನ ನಡುವೆ, ತಂಗಿಗೆ ಗಂಡು ನೋಡುತ್ತಿದ್ದೇವೆ ಎಂದಿದ್ದ. ವರದಿ ತಯಾರಿಸಿದವನೂ ಅವನೇ. ಕಳ್ಳ ಇವನೇ ಇರಬೇಕು ಎಂದು ಶಿರ್ವ ದಾಟುವವರೆಗೂ ಅಂದುಕೊಂಡಳು. ಆಮೇಲೆ ಭೋಜಣ್ಣನೂ ಹೀಗೆಯೇ ಅಂದುಕೊಂಡರಲ್ಲ ಎಂದು ತನ್ನನ್ನೇ ಬೈದುಕೊಂಡಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಸಾಲಿಗೆ ತಾನೂ ಸೇರುವುದು ಬೇಡ.

*

ಲ್ಯಾಬಿಗೆ ಮರಳಿದಾಗ ಭೋಜಣ್ಣ ದೂರಿನ ಕಾಗದ ಮಡಚಿ ಕಿಸೆಗೆ ಹಾಕಿ ಹೊರಟು ನಿಂತಿದ್ದರು. ಪ್ರಣೀತಾಳ ಅಳು ನಿಂತಿತ್ತು. ಚೀಲ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಅಳುವುದಕ್ಕಿಂತ ಇದು ಝೀಟಾಳಿಗೆ ಹೆಚ್ಚು ಸಂಕಟ ಕೊಟ್ಟಿತು.

"ಸ್ವಲ್ಪ ನಿಲ್ಲಿ ಭೋಜಣ್ಣ. ಎಲ್ಲ ಯಂತ್ರ ಹಾಕಿ. ಯಾರೂ ಹೊರಗೆ ಹೋಗ್ಬೇಡಿ."

ತನ್ನ ಲ್ಯಾಪ್‌ಟಾಪನ್ನು ರೂಟರಿಗೆ ಸೇರಿಸಿ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

"ನಿಮ್ಮ ಕಾಗದದಲ್ಲಿರುವ ನಂಬರ್ ಓದಿ. ಪೂರ್ತಿ."

ಭೋಜಣ್ಣ ಕನ್ನಡಕ ಏರಿಸಿದರು. "ನೂರ ತೊಂಬತ್ತೆರಡು, ನೂರ ಅರುವತ್ತೆಂಟು, ಸೊನ್ನೆ, ಮೂರು."

"ಈಗ ಸ್ಟಿಕ್ಕರ್ ಕಿತ್ತು ಹಿಂದೆ ನೋಡಿ. ವ್ಯಾಲೆಂಟೈನನಂಥವರು ಹಿಂದುಗಡೆ ಪೂರ್ತಿ ಬರೆದಿಡ್ತಾರೆ."

ಜಿತೇಶ್ ಸ್ಟಿಕ್ಕರ್ ಕಿತ್ತ. "ನೂರ ತೊಂಬತ್ತೆರಡು, ನೂರ ಅರುವತ್ತೆಂಟು, ಒಂದು, ಮೂರು."

"ಒಂದು ಕಡೆ ಸೊನ್ನೆ, ಒಂದು ಕಡೆ ಒಂದು. ಅಂದರೆ ಇವು ಬೇರೆ ಬೇರೆ ರೂಟರ್ ಕೊಟ್ಟ ನಂಬರುಗಳು. ಸುಟ್ಟುಹೋದ ರೂಟರ್ ಪ್ರಣೀತಾಳಿಗೆ ಮೂರು ಕೊಟ್ಟಿತ್ತು, ಹೌದು. ಕುಶಲಕ್ಕ ತಂದದ್ದಕ್ಕೆ ಅದು ಗೊತ್ತಿಲ್ಲ. ಅದು ಇಲ್ಲಿಗೆ ಹೊಸತು. ನಿಮ್ಮ ಕೌಂಟರಿನಲ್ಲಿ ಟೋಕನ್ ಕೊಡ್ತೀರಲ್ಲ, ಹಾಗೆ ಬಂದವರಿಗೆ ಬಂದ ಸಾಲಿನಲ್ಲಿ ನಂಬರ್ ಕೊಟ್ಟಿದೆ. ಒಮ್ಮೆ ಕೊಟ್ಟರೆ ಆ ನಂಬರ್ ಅವರಿಗೇ ಇರ್ತದೆ. ಈಗ ಪರದೆ ನೋಡಿ."

ಪರದೆಯಲ್ಲಿ ಪಟ್ಟಿ. ಒಂದು, ರೂಟರಿಗೇ. ಎರಡು, ವೈರಿನಲ್ಲಿರುವ ದೊಡ್ಡ ಕಂಪ್ಯೂಟರ್. ನಾಲ್ಕು, ಜಿತೇಶನದ್ದು. ಐದು, ಪ್ರಣೀತಾಳದ್ದು. ಆರು, ಪ್ರಿಂಟರ್. ಏಳು, ಈಗಷ್ಟೇ ಬಂದ ಝೀಟಾಳ ಲ್ಯಾಪ್‌ಟಾಪ್.

"ಪ್ರಣೀತಾ ಐದು!" ಎಂದ ಜಿತೇಶ್.

"ಮೂರು ಎಲ್ಲಿ?" ಎಂದರು ಭೋಜಣ್ಣ.

"ಅದೇ ಪ್ರಶ್ನೆ. ಈಗ ಬಂದ ನನಗೂ ಮೂರು ಕೊಡದೆ ಏಳು ಕೊಟ್ಟಿತು. ಮೂರಕ್ಕೆ ಮೊದಲೇ ಯಜಮಾನರಿದ್ದಾರೆ, ಇವತ್ತು ಬಂದಿಲ್ಲ ಅಷ್ಟೆ. ಜಿತೇಶ್, ಬುಧವಾರ ನಿನಗೆ ವೈಫೈ ಪಾಸ್‌ವರ್ಡ್ ಯಾರು ಕೊಟ್ಟದ್ದು?"

"ಕುಶಲಕ್ಕ. ಒಂದು ಚೀಟಿಯಲ್ಲಿತ್ತು, ಅವರೇ ಓದಿ ಹೇಳಿದ್ರು."

"ಪ್ರಣೀತಾ, ನಿನಗೆ?"

"ಅಕ್ಕನೇ. ಜಿತೇಶನಿಗೆ ಹೇಳಿದ ಮೇಲೆ."

"ಅಂದರೆ ಜಿತೇಶ್ ನಾಲ್ಕು, ಪ್ರಣೀತಾ ಐದು. ಲೆಕ್ಕ ಸರಿ ಬಂತು. ಹಾಗಾದರೆ ಜಿತೇಶನಿಗಿಂತ ಮೊದಲು, ಇಲ್ಲಿ ಯಾರಿಗೂ ಪಾಸ್‌ವರ್ಡ್ ಗೊತ್ತಿಲ್ಲದ ಹೊತ್ತಿನಲ್ಲಿ, ಯಾರನ್ನೂ ಕೇಳದೆ ಒಳಗೆ ಬಂದದ್ದು ಯಾವುದು? ಆ ರೂಟರಿನ ಗುರುತು ಮನೆಯಿಂದಲೇ ಇದ್ದದ್ದು. ಕರೆಂಟ್ ಕೊಟ್ಟ ಕೂಡಲೇ ಹಳೆಯ ನೆಂಟನ ಹಾಗೆ ತಾನಾಗಿ ಬಂದು ಕೂತದ್ದು."

ಕುಶಲಕ್ಕ ಕೌಂಟರಿನ ಮೇಲಿದ್ದ ತನ್ನ ಚೀಲವನ್ನು ಹತ್ತಿರ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಝೀಟಾ ಕಣ್ಣಾರೆ ಕಂಡದ್ದು ಆಗಲೇ.

"ಕುಶಲಕ್ಕನಾ?" ಭೋಜಣ್ಣ ನಕ್ಕೇಬಿಟ್ಟರು. "ಅವರಿಗೆ ಕಂಪ್ಯೂಟರ್ ಹಾಕ್ಲಿಕ್ಕೂ ಬರುವುದಿಲ್ಲ ಮೇಡಂ."

"ಕಂಪ್ಯೂಟರ್ ಬೇಡ. ಕಾಪುವಿಗೆ ಹೋದದ್ದು ಫೋನಿನ ಪರದೆಯ ಚಿತ್ರ. ಪ್ರಣೀತಾ, ಫೋನಿನಲ್ಲಿ ವರದಿ ತೆರೆಯಲು ಆಗ್ತದಾ?"

ಪ್ರಣೀತಾ ಕುಶಲಕ್ಕನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ತಡೆದಳು. ತನ್ನ ತಲೆಯ ಮೇಲೆ ಕತ್ತಿ ತೂಗುವಾಗಲೂ ಈ ಹುಡುಗಿಗೆ ಅಕ್ಕನ ಚಿಂತೆ.

"ಆಗ್ತದೆ," ಎಂದಳು ಕೊನೆಗೆ. "ನಾನು ರಜೆ ಹಾಕಿದ ದಿನ ಕಷ್ಟ ಆಗಬಾರದು ಅಂತ ನಾನೇ ಅಕ್ಕನಿಗೆ ಕಲಿಸಿದ್ದೆ."

"ಕುಶಲಕ್ಕ, ನಿಮ್ಮ ಫೋನಿನ ವೈಫೈ ಒಮ್ಮೆ ಆನ್ ಮಾಡ್ತೀರಾ? ಆಫ್ ಮಾಡಿಟ್ಟಂತೆ ಕಾಣ್ತದೆ."

"ಎಂತಕ್ಕೆ? ಮನೆಯ ರೂಟರ್, ಮನೆಯ ಫೋನ್. ಸೇರಿದರೆ ಎಂತ ತಪ್ಪುಂಟು?"

"ಸೇರಿದರೆ ತಪ್ಪಿಲ್ಲ. ಎಷ್ಟನೇ ನಂಬರಿಗೆ ಸೇರ್ತದೆ ಎಂದು ನೋಡುವ."

ಭೋಜಣ್ಣನ ನಗು ಮಾಯವಾಗಿತ್ತು. "ಆನ್ ಮಾಡಿ ಅಕ್ಕ," ಎಂದರು ಮೆಲ್ಲಗೆ.

ಕುಶಲಕ್ಕ ಫೋನು ತೆಗೆದು ಒತ್ತಿದರು. ಅದು ಪಾಸ್‌ವರ್ಡ್ ಕೇಳಲಿಲ್ಲ. ಝೀಟಾ ಪರದೆಯನ್ನು ಹೊಸದಾಗಿ ತೆರೆದಳು. ಎರಡಕ್ಕೂ ನಾಲ್ಕಕ್ಕೂ ನಡುವೆ ಒಂದು ಸಾಲು ಹೆಚ್ಚಾಗಿತ್ತು. ಮೂರು.

*

ಕುಶಲಕ್ಕ ವಾದ ಮಾಡಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತೇ ಹೇಳಿದರು.

"ನನ್ನ ಮಗಳಿಗೆ ಎಂತ ಕಡಿಮೆ ಇತ್ತು? ಜಾತಕ ಕೂಡಿದೆ ಎಂದರು, ತಿಂಗಳುಗಟ್ಟಲೆ ಕಾಯಿಸಿದ್ರು. ನಾವು ನೆಂಟರಿಗೆಲ್ಲ ಹೇಳಿದ ಮೇಲೆ ಬೇಡ ಎಂದರು. ಅವಳು ಈಗ ಯಾರ ಮನೆಯ ಮದುವೆಗೂ ಬರುವುದಿಲ್ಲ. ಈ ತೃಷಾ ಇಲ್ಲಿಗೆ ರಕ್ತ ಕೊಡ್ಲಿಕ್ಕೆ ಬಂದು, ಕಾಪುವಿನ ಸಂಬಂಧ ಅಂತ ನನ್ನ ಹತ್ತಿರವೇ ಮದುವೆ ಸುದ್ದಿ ಹೇಳಿದಳು. ಎಷ್ಟು ಖುಷಿಯಲ್ಲಿ! ಮಧ್ಯಸ್ಥ ಕೊಟ್ಟ ಅವರ ಇಮೇಲ್ ವಿಳಾಸ ನನ್ನ ಫೋನಿನಲ್ಲೇ ಇತ್ತು. ನನಗೆ ತಡೆಯಲಿಲ್ಲ."

"ಅದಕ್ಕೆ ಇವಳನ್ನು ಸಿಕ್ಕಿಸಿಹಾಕಿದ್ರಾ?" ಎಂದು ಜಿತೇಶ್ ಕೂಗಿದ.

"ಇಲ್ಲ! ನನಗೆ ಈ ನಂಬರ್ ಪಂಬರ್ ಎಂತದೂ ಗೊತ್ತಿರಲಿಲ್ಲ. ಭೋಜಣ್ಣನೇ ಸ್ಟಿಕ್ಕರ್ ತೋರಿಸಿ ಪ್ರಣೀತಾ ಅಂದ್ರು."

ಅದು ನಿಜವೆಂದು ಝೀಟಾಳಿಗೆ ಅನ್ನಿಸಿತು. ಸಿಡಿಲು ಹೊಡೆಯದೆ ವ್ಯಾಲೆಂಟೈನ್ ಹಾಕಿದ ರೂಟರೇ ಇದ್ದಿದ್ದರೆ ಆ ಫೋನಿಗೆ ಸ್ಟಿಕ್ಕರ್ ಇಲ್ಲದ ಯಾವುದೋ ನಂಬರ್ ಸಿಗುತ್ತಿತ್ತು. ಪ್ರಣೀತಾಳ ಹೆಸರೇ ಏಳುತ್ತಿರಲಿಲ್ಲ. ಸಿಕ್ಕಿಸಿಹಾಕಿದ್ದು ಯಾರೂ ಅಲ್ಲ. ಬಾಲದ ನಂಬರೊಂದನ್ನೇ ನೋಡಿ ತೀರ್ಪು ಕೊಟ್ಟ ಅವಸರ ಒಂದು, ಗೊತ್ತಿದ್ದೂ ತೆರೆಯದ ಬಾಯಿ ಇನ್ನೊಂದು.

ಪ್ರಣೀತಾ ಎದ್ದು ಕುಶಲಕ್ಕನ ಎದುರಿಗೆ ಬಂದಳು. "ಬೆಳಿಗ್ಗೆ ನಾನು ಅಳುವಾಗ ನೀವು ಬೆನ್ನು ಸವರಿದ್ರಿ ಅಕ್ಕ. ಆಗ ನಿಮಗೆ ಗೊತ್ತಿತ್ತಲ್ವಾ, ನಾನಲ್ಲ ಅಂತ?"

"ಗೊತ್ತಿತ್ತು," ಎಂದು ಕುಶಲಕ್ಕ ಬಿಕ್ಕಿದರು. "ನಿನ್ನ ಸಂಕಟ ನೋಡ್ಲಿಕ್ಕಾಗಲಿಲ್ಲ ಮಗಾ. ಹೇಳ್ಲಿಕ್ಕೂ ಆಗಲಿಲ್ಲ."

ಭೋಜಣ್ಣ ಕಿಸೆಯ ಕಾಗದ ತೆಗೆದು ಹರಿದರು. ತೃಷಾಳ ತಂದೆಗೆ ಫೋನ್ ಮಾಡಿ, ಹೆಸರು ಸಿಕ್ಕಿದೆ, ಠಾಣೆಗೆ ನಾನೇ ಕರೆದುಕೊಂಡು ಬರುತ್ತೇನೆ ಎಂದರು. ಕುಶಲಕ್ಕ ಹತ್ತು ವರ್ಷದಿಂದ ಆ ಬಾಗಿಲು ತೆರೆದವರು.

ಝೀಟಾ ತನ್ನ ವೈರು ಸುತ್ತಿಟ್ಟಳು. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಪೇಷೆಂಟುಗಳಿಗೆ ಬೇರೆ ವೈಫೈ, ಫೋನಿನಲ್ಲಿ ವರದಿ ಬಂದ್, ಕಂಬದ ವೈರಿಗೆ ಸಿಡಿಲು ತಡೆಯುವ ಡಬ್ಬ ಎಂದು ನಕ್ಷೆಯ ಅಂಚಿನಲ್ಲಿ ಬರೆದು ಮೇಜಿನ ಮೇಲಿಟ್ಟಳು. ಸೋಮವಾರ ಬರುತ್ತೇನೆ ಎಂದಳು.

ಭೋಜಣ್ಣ ಪ್ರಣೀತಾಳ ಕಡೆ ತಿರುಗಿದರು. "ನನ್ನಿಂದ ತಪ್ಪಾಯಿತು ಮಾರಾಯ್ತಿ. ಎಲ್ಲರ ಎದುರು ಹೇಳ್ತೇನೆ, ತಪ್ಪಾಯಿತು. ನೀನು ಸೋಮವಾರ ಕೆಲಸಕ್ಕೆ ಬಾ."

ಪ್ರಣೀತಾ ಚೀಲ ಹೆಗಲಿಗೆ ಹಾಕಿಕೊಂಡಳು.

"ರೂಟರ್ ಇಲ್ಲಿಗೆ ಹೊಸತು ಭೋಜಣ್ಣ, ಅದಕ್ಕೆ ನಾನು ಯಾರೆಂದು ಗೊತ್ತಿರಲಿಲ್ಲ," ಎಂದಳು. "ನಿಮಗೆ ಗೊತ್ತಿತ್ತಲ್ಲ."

ಅವಳು ಬಾಗಿಲು ತಳ್ಳಿ ನಂದಿಕೂರಿನ ಬಸ್ಸಿಗೆ ನಡೆದಳು. ಭೋಜಣ್ಣ ಕಿತ್ತಿಟ್ಟ ಹಳದಿ ಸ್ಟಿಕ್ಕರನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರು.